ಹಲಗೆ ಕೂಡಿಸಿದ ತೊಲೆ

ಜಮಖಂಡಿಯ ಪದ್ಮರಾಜರ ಕಟ್ಟಿಗೆ ಅಡ್ಡೆಯನ್ನು ಮುಚ್ಚಿಸಿದವನು ಅವರ ಮಗ ಕಪಿಲನೇ. ಎಂಜಿನಿಯರಿಂಗ್ ಓದಿ ಬಂದ ಕೂಡಲೇ, “ಕಟ್ಟಿಗಿ ಕಾಲ ಮುಗೀತಪ್ಪಾ” ಎಂದು ಗರಗಸದ ಯಂತ್ರ ನಿಲ್ಲಿಸಿ, ಆ ಜಾಗದಲ್ಲಿ ಸಿಮೆಂಟಿನ ಅಂಗಡಿ ಹಾಕಿದ. ಮುಧೋಳ, ಬನಹಟ್ಟಿ ಕಡೆಗೆಲ್ಲ ಅವನು ಕಟ್ಟಿದ ಕಾಂಕ್ರೀಟಿನ ಶಾಲೆಗಳು ಎದ್ದವು. ಒಂದನ್ನೂ ಪದ್ಮರಾಜರು ನೋಡಲು ಹೋಗಲಿಲ್ಲ. ಕರೆದಾಗಲೆಲ್ಲ ಮೊಣಕಾಲು ನೋವು ಎನ್ನುತ್ತಿದ್ದರು.

ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಕಡೆಯ ಹಳ್ಳಿಗಳು ಮುಳುಗಿದ ಮೇಲೆ, ಬಾಡಗಂಡಿ ಹತ್ತಿರದ ಒಂದು ಪುನರ್ವಸತಿ ಊರಿಗೆ ಶಾಲೆ ಮಂಜೂರಾಯಿತು. ನಕ್ಷೆ ಬರೆಯುವ ಕೆಲಸ ಬಂದದ್ದು ಕಪಿಲನಿಗಲ್ಲ, ಬೆಳಗಾವಿಯಲ್ಲಿ ವಾಸ್ತುಶಿಲ್ಪ ಓದಿದ ಅವನ ತಂಗಿ ಸಿದ್ಧಿಗೆ. ಊರು ಬಿಟ್ಟು ಬರುವಾಗ ಜನ ಹಳೆ ಮನೆಗಳ ಸಾಗವಾನಿಯನ್ನು ಕಿತ್ತು ತಂದು ಹಿತ್ತಲಲ್ಲಿ ಒಟ್ಟಿಕೊಂಡಿದ್ದರು. ಹೆಚ್ಚಿನವು ಗಿಡ್ಡ ತುಂಡುಗಳು. ಅವನ್ನು ಹಲಗೆಗಳಾಗಿ ಸೀಳಿ, ಒಂದರ ಮೇಲೊಂದು ಅಂಟಿಸಿ ಬಿಗಿದರೆ ಇಡೀ ಕೋಣೆಯನ್ನು ದಾಟುವ ದಪ್ಪ ತೊಲೆಗಳಾಗುತ್ತವೆ, ಶಾಲೆಯ ಗೋಡೆ, ಚಾವಣಿಯೆಲ್ಲ ಕಟ್ಟಿಗೆಯದೇ ಆಗಬಹುದು ಎಂದು ಸಿದ್ಧಿ ಲೆಕ್ಕ ಹಾಕಿದಳು.

ಆ ನಕ್ಷೆ ನೋಡಿದ್ದೇ ಪದ್ಮರಾಜರ ಮೊಣಕಾಲು ನೆಟ್ಟಗಾಯಿತು. ದಿನಾ ಮಗಳ ಜೊತೆ ಬಸ್ಸು ಹತ್ತತೊಡಗಿದರು. ಊಟಕ್ಕೆ ಕೂತರೂ ಅದೇ ಮಾತು.

“ಕಪಿಲಾ, ನಿನ್ನ ತಂಗಿ ತಲಿ ಏನ್ ಓಡತೈತಪಾ! ನಾ ಇಷ್ಟು ವರ್ಷ ಅಡ್ಡೆ ನಡಿಸಿದ್ರೂ ನನಗ ಹೊಳೀಲಿಲ್ಲ.”

ಕಪಿಲ ರೊಟ್ಟಿ ಮುರಿದ. ತನ್ನ ಒಂದು ಕಟ್ಟಡದ ಬಗ್ಗೆಯಾದರೂ ಅಪ್ಪ ಹೀಗೆ ಮಾತಾಡಿದ್ದು ಅವನಿಗೆ ನೆನಪಾಗಲಿಲ್ಲ. ಒಳಗೇ ಉರಿಯಿತು.

ಮರುದಿನ ಅವನು ಆ ಊರಿನ ಶಾಲಾ ಕಮಿಟಿಯ ಅಧ್ಯಕ್ಷ ಗಿರಮಲ್ಲಪ್ಪನ ಮನೆಗೆ ಹೋದ. “ನನ್ನ ತಂಗಿನ ಖರೆ, ಆದ್ರ ಹುಡುಗೂರ ಜೀವದ ಮಾತು ನೋಡ್ರಿ. ಗೆದ್ದಲ ಹತ್ತಿದ್ರ? ಬೆಂಕಿ ಬಿದ್ರ? ತುಂಡ ಕೂಡಿಸಿದ ತೊಲಿ ಎಷ್ಟ ದಿನ ತಡದೀತು?”

ಗಿರಮಲ್ಲಪ್ಪ ಹೆದರಿ ಸಭೆ ಕರೆದ. ಸಿದ್ಧಿ ಎಲ್ಲದಕ್ಕೂ ಉತ್ತರ ಕೊಟ್ಟಳು. “ಕಲ್ಲಿನ ಕಟ್ಟಿ ಮ್ಯಾಲೆ ಏರಿಸ್ತೇನ್ರಿ, ಗೆದ್ದಲಕ್ಕ ಔಷಧ ಹೊಡಸ್ತೇನಿ. ದಪ್ಪ ತೊಲಿಗೆ ಬೆಂಕಿ ಹತ್ತಿದ್ರ ಮ್ಯಾಲಷ್ಟ ಕರಕಾಗತೈತಿ, ಹುಡುಗೂರು ಹೊರಗ ಬರೂ ತನಕ ಒಳಗ ಗಟ್ಟಿ ಇರತೈತಿ.” ಜನರ ಮುಖ ಮಾತ್ರ ಸಡಿಲಾಗಲಿಲ್ಲ.

“ಹಂಗಾರ ಎಲ್ಲಾರ ಮುಂದ ಭಾರ ಹೇರಿ ನೋಡೂಣು. ಚಾವಣಿ ಭಾರದ ಎರಡು ಪಟ್ಟು,” ಎಂದ ಕಪಿಲ.

“ಆತು,” ಎಂದಳು ಸಿದ್ಧಿ, ಅಣ್ಣನ ಮುಖ ನೋಡದೆ.

ಗೊತ್ತು ಮಾಡಿದ ದಿನ ಸಿದ್ಧಿ ಮಾಡಿಸಿದ ಎರಡು ತೊಲೆಗಳನ್ನು ಪರೀಕ್ಷೆಗೆಂದೇ ಕಟ್ಟಿದ ಕಲ್ಲಿನ ಗೋಡೆಗಳ ಮೇಲಿಟ್ಟು, ಹಲಗೆ ಹಾಸಿದರು. ಕಪಿಲ ತನ್ನ ಅಂಗಡಿಯಿಂದಲೇ ಲಾರಿ ತುಂಬ ಸಿಮೆಂಟಿನ ಚೀಲ ತಂದಿದ್ದ. ಹಮಾಲರು ಏಣಿ ಹತ್ತಿ ಒಂದೊಂದಾಗಿ ಹೇರಿದರು. ಮಾತಾದಷ್ಟು ಭಾರ ಮುಗಿಯಿತು. ತೊಲೆ ಬೆರಳಷ್ಟೂ ಬಾಗಿರಲಿಲ್ಲ. ಜನ ಚಪ್ಪಾಳೆ ತಟ್ಟಲು ಕೈ ಎತ್ತುವಷ್ಟರಲ್ಲಿ ಕಪಿಲ, “ಇನ್ನಷ್ಟು ಹಾಕ್ರಿ” ಎಂದ.

ಸಿದ್ಧಿ ತಿರುಗಿ ನೋಡಿದಳು, ಬೇಡ ಎನ್ನಲಿಲ್ಲ. ಚೀಲಗಳು ಏರಿದವು. ತೊಲೆ ಎಷ್ಟು ಬಾಗಿತೆಂದು ಅಳೆಯಲು ಅವಳು ಅದರ ಕೆಳಗೆ ಹೋದಳು. “ಇನ್ನಷ್ಟು,” ಎಂದ ಕಪಿಲ. ಎಲ್ಲೋ ಸಣ್ಣಗೆ ಕಿರ್ ಎಂದಿತು. ಅವನ ಎದೆ ಸಂತೋಷದಿಂದ ಹಾರಿತು.

ಆಗ ಪದ್ಮರಾಜರು ಧೋತರದ ಅಂಚು ಹಿಡಿದುಕೊಂಡು ನಡೆದು ಹೋಗಿ ಮಗಳ ಪಕ್ಕದಲ್ಲಿ ನಿಂತರು.

“ಅಪ್ಪಾ, ಅಲ್ಲಿಂದ ಬಾ!”

“ಯಾಕ? ನೀ ಹಾಕಸಲಾ. ಆಕಿ ನಿಂತಾಳ, ನಾನೂ ನಿಂದರತೇನಿ.”

ಮುರಿಯಲಿ ಎಂದು ತಾನು ಕಾಯುತ್ತಿದ್ದ ತೊಲೆಯ ಅಡಿಯಲ್ಲಿ ತಂಗಿ ಆಗಲೇ ನಿಂತಿದ್ದಳು; ಅದು ಕಪಿಲನಿಗೆ ಕಂಡದ್ದು ಈಗ. “ಸಾಕು! ಇಳಸ್ರಿ, ಜಲ್ದಿ ಇಳಸ್ರಿ!” ಎಂದು ಕೂಗಿ, ತಾನೇ ಏಣಿ ಹತ್ತಿ ಚೀಲ ಎಳೆಯತೊಡಗಿದ.

ಚೀಲಗಳೆಲ್ಲ ಇಳಿದ ಮೇಲೆ ಗಿರಮಲ್ಲಪ್ಪ ಅವನ ಕೈ ಹಿಡಿದುಕೊಂಡ. “ಸಾಹೇಬ್ರ, ನೀವು ಹಟ ಹಿಡದು ಪರೀಕ್ಷೆ ಮಾಡಿಸಿದ್ದಕ್ಕ ನಮ್ಮ ಅಂಜಿಕಿ ಹೋತು. ನಮ್ಮ ಹುಡುಗೂರ ಈ ಸಾಲಿ ನಿಮ್ಮಿಂದ ಆತು ನೋಡ್ರಿ.” ಜನ ಚಪ್ಪಾಳೆ ತಟ್ಟಿದರು. ಪದ್ಮರಾಜರು ತಟ್ಟಲಿಲ್ಲ.

ಶಾಲೆ ಎದ್ದಿತು. ಉದ್ಘಾಟನೆಯ ದಿನ ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪಿತ್ತು. ಸಾತವ್ವ ಎಂಬ ಮುದುಕಿ ಒಂದು ಕಂಬಕ್ಕೆ ಕೈಯಿಟ್ಟು, “ಇದು ನಮ್ಮ ಪಡಸಾಲಿದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಕಪಿಲ ಕೊನೆಯ ಸಾಲಿನಲ್ಲಿ ಕೂತು ಚಾವಣಿಯಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ.

ಸಿದ್ಧಿ ಬಂದು ಪಕ್ಕದಲ್ಲಿ ಕೂತಳು. “ಮುಧೋಳದಾಗ ಇನ್ನೊಂದು ಸಾಲಿ ಕೇಳ್ಯಾರ. ಅಲ್ಲಿ ಕರಿ ಎರಿಮಣ್ಣು, ಮಳಿಗೆ ಉಬ್ಬತೈತಿ; ಬುನಾದಿ ನನಗ ಬಗೀಹರಿವಲ್ದು. ನೀ ಬರ್ತಿಯೇನಣ್ಣಾ?”

“ಅವತ್ತ ನಾ ಎದಕ್ಕ ಚೀಲ ಹಾಕಸ್ತಿದ್ದೆ, ಗೊತ್ತೈತಿಲ್ಲ ನಿನಗ?”

“ಗೊತ್ತಿತ್ತು.”

“ಆದರೂ ಕರೀತಿ?”

“ಬುನಾದಿ ನಿನ್ನಷ್ಟು ಛಲೋ ಯಾರೂ ಹಾಕೂದಿಲ್ಲ.”

ಅವಳು ಅದನ್ನು ಅಷ್ಟು ಸಲೀಸಾಗಿ ಹೇಳಿಬಿಟ್ಟದ್ದಕ್ಕೂ ಅವನಿಗೆ ಹೊಟ್ಟೆ ಉರಿಯಿತು. ತನಗಾದರೆ ಅಂಥ ಮಾತು ಬಾಯಿಗೆ ಬರುತ್ತಿರಲಿಲ್ಲ. ಕೊನೆಗೆ, “ಸೋಮವಾರ ಮಣ್ಣು ನೋಡಾಕ ಹೋಗೂಣು,” ಎಂದ.