ಗೇಟಿನ ಮೇಲಿನ ಬಿಳಿ ಟವೆಲು

ತಲ್ಲೂನ್ ಬೆಟ್ಟದವರಿಗೆ ಬೇಸಿಗೆಯೆಂಬುದೊಂದು ವ್ರತ. ಭೂಮಿಯ ದಕ್ಷಿಣಾರ್ಧದ ಆ ನಾಡಿನಲ್ಲಿ ಬೇಸಿಗೆ ತರುವ ನವೆಂಬರ್ ಕಾಲಿಟ್ಟಿತೆಂದರೆ ಸೂರಂಚಿನ ನೀರುದೋಣಿಗಳಿಂದ ನೀಲಗಿರಿ ಮರಗಳ ಒಣ ಎಲೆಗಳನ್ನು ಬಾಚಿ ತೆಗೆಯುವರು. ಮನೆಯ ಸುತ್ತಣ ಹುಲ್ಲನ್ನು ನೆಲ ಕಾಣುವಂತೆ ಸವರುವರು. ಕಾಳ್ಗಿಚ್ಚು ಸಮೀಪಿಸಿ ಮನೆ ತೊರೆಯಬೇಕಾದಾಗ ಗೇಟಿಗೊಂದು ಬಿಳಿ ಟವೆಲು ಕಟ್ಟಿ ಹೊರಡುವರು. ಒಳಗೆ ಯಾರೂ ಇಲ್ಲ, ಈ ಮನೆಗಾಗಿ ಯಾರೂ ಪ್ರಾಣ ಒತ್ತೆಯಿಡಬೇಡಿ ಎಂಬುದು ಅದರ ಅರ್ಥ. ಆ ಟವೆಲು ಸುಳ್ಳಾಡಿದ್ದನ್ನು ಅಗ್ನಿದಳದ ನಾಯಕಿ ನೆರಿಡಾ ಪ್ಯಾಸ್ಕಲ್ ತನ್ನ ಇಪ್ಪತ್ತು ವರ್ಷಗಳ ಸೇವೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಡಿಸೆಂಬರಿನ ಆ ಮಧ್ಯಾಹ್ನ ಬೆಂಕಿ ಪಶ್ಚಿಮದ ಕಣಿವೆಯಿಂದ ಮೇಲೇರುತ್ತಿತ್ತು. ಊರಿನ ಎಂಬತ್ತು ಮಂದಿ ಕೆಳಗಿನ ಸಭಾಭವನದಲ್ಲಿ ಆಶ್ರಯ ಪಡೆದಿದ್ದರು. ಭವನದ ತಗಡಿನ ಮಾಡನ್ನು ಸತತವಾಗಿ ತೋಯಿಸುತ್ತಿದ್ದ ನೀರೇ ಅವರಿಗೆ ರಕ್ಷೆ. ಅದು ಗುಡ್ಡದ ನೆತ್ತಿಯಲ್ಲಿದ್ದ ಆಲ್ವಿನ್ ಟ್ರೆವಿನ್ ಎಂಬ ಕುರಿಗಾರನ ಕೆರೆಯಿಂದ, ನೆಲದೊಳಗಿನ ಕೊಳವೆಯಲ್ಲಿ, ಇಳಿಜಾರಿನ ಬಲದಿಂದಲೇ ಹರಿದು ಬರುವ ನೀರು.

ನೆರಿಡಾ ಅಗ್ನಿದಳದ ಲಾರಿಯಲ್ಲಿ ಮೇಲಿನ ರಸ್ತೆಯ ಕೊನೆಯ ಸುತ್ತು ಹೊರಟಿದ್ದಳು. ಚಾಲಕಿ ಗ್ಲೆನಿಸ್, ಊರ ಶಾಲೆಯ ಉಪಾಧ್ಯಾಯಿನಿ. ಪ್ರತಿ ಗೇಟಿನಲ್ಲೂ ಟವೆಲಿತ್ತು. ಆಲ್ವಿನ್ನನ ಗೇಟಿನಲ್ಲೂ ಇತ್ತು.

"ಅಂತೂ ಮುದುಕ ಹೊರಟ ಕಣೇ," ಎಂದಳು ಗ್ಲೆನಿಸ್. "ಕೈಕಾಲು ಕಟ್ಟಿ ಎತ್ಕೊಂಡು ಹೋಗ್ಬೇಕಾಗತ್ತೆ ಅಂದ್ಕೊಂಡಿದ್ದೆ."

ನೆರಿಡಾ ಕಿವಿ ನಿಮಿರಿಸಿದಳು. ಕೆರೆಯ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು. ಮನೆಯ ಮೇಲೆ ನೀರು ಚಿಮ್ಮುತ್ತಿರಲೆಂದು ಪಂಪು ಓಡಿಸಿಟ್ಟೇ ಹೊರಡುವವರು ಹಲವರಿದ್ದರು, ಅದರಲ್ಲಿ ವಿಶೇಷವೇನಿಲ್ಲ. ಆದರೆ ಆ ಪಂಪು ಎರಡು ಬಾರಿ ಕೆಮ್ಮಿ, ಇನ್ನೇನು ನಿಂತೇಹೋಯಿತು ಎನ್ನುವಾಗ ಮತ್ತೆ ಉಸಿರು ಹಿಡಿಯಿತು.

"ಗಾಡಿ ನಿಲ್ಸು," ಎಂದಳು. "ಇಂಜಿನ್ನು ತನ್ನ ಕೆಮ್ಮು ತಾನೇ ವಾಸಿ ಮಾಡ್ಕೊಳ್ಳಲ್ಲ. ಅಲ್ಲಿ ಯಾರದೋ ಕೈ ಇದೆ."

ಎಪ್ಪತ್ತನಾಲ್ಕರ ಆಲ್ವಿನ್ ಉಣ್ಣೆಯ ಕೋಟು ತೊಟ್ಟು, ಮೋರೆಗೆ ಒದ್ದೆ ಬಟ್ಟೆ ಸುತ್ತಿ, ಹೋಮಕುಂಡದ ಮುಂದೆ ಕುಳಿತ ದೀಕ್ಷಿತನಂತೆ ಪಂಪಿನ ಮುಂದೆ ಕುಳಿತಿದ್ದ. ಇವರನ್ನು ಕಂಡು ತಲೆ ತಗ್ಗಿಸಿದ. ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದ: ಬರದಿಂದ ಕೆರೆ ಇಳಿದು ಕೊಳವೆಯ ಬಾಯಿಗೆ ನೀರು ನಿಲುಕದಾಗಿದೆ, ಅದು ತಿಳಿದದ್ದು ಇಂದು ಬೆಳಗ್ಗೆ. ಇನ್ನು ಪಂಪಿನಿಂದಲೇ ಎತ್ತಿ ಹಾಕಬೇಕು. ಹಳೆಯ ಪಂಪು, ಗಳಿಗೆಗೊಮ್ಮೆ ಕೈ ತಾಗದಿದ್ದರೆ ನಿಂತುಬಿಡುತ್ತದೆ. ತಿಳಿಸಿದ್ದರೆ ದಳದವರು ಇಬ್ಬರನ್ನು ಇಲ್ಲಿ ಕಾವಲಿಡುತ್ತಿದ್ದರು. ತನ್ನೊಂದಿಗೆ ಮತ್ತಿಬ್ಬರೇಕೆ ಸಾಯಬೇಕು ಎಂದು ಟವೆಲು ಕಟ್ಟಿದ್ದ.

ನೆರಿಡಾ ಗೇಟಿನ ಟವೆಲಿನತ್ತ ಕೈ ತೋರಿಸಿದಳು. "ಅದನ್ನ ನಂಬ್ಕೊಂಡು ನಾನು ಮುಂದಕ್ಕೆ ಹೋಗ್ಬಿಡ್ತಿದ್ದೆ, ಆಲ್ವಿನ್. ನಾಳೆಯಿಂದ ಈ ಊರಲ್ಲಿ ಯಾವ ಗೇಟನ್ನ ನಂಬ್ಲಿ?"

"ಬೈಯೋದೆಲ್ಲ ಆಮೇಲೆ ಬೈಯಮ್ಮ. ಈಗ ಆ ಡೀಸೆಲ್ ಕ್ಯಾನು ಇತ್ಲಾಗ್ ಕೊಡು."

ಇವನನ್ನು ಕರೆದೊಯ್ದರೆ ಕೆಳಗೆ ಭವನದ ಮಾಡು ಒಣಗುತ್ತದೆ. ಬಿಟ್ಟುಹೋದರೆ ಇವನು ಉಳಿಯುವುದಿಲ್ಲ. ದಳದ ರೇಡಿಯೋ ಬೇಗ ಇಳಿದು ಬನ್ನಿರೆಂದು ಕೂಗುತ್ತಿತ್ತು. ನೆರಿಡಾ ತಿರುಗಿ ನೋಡುವಷ್ಟರಲ್ಲಿ ಗ್ಲೆನಿಸ್ ಲಾರಿಯನ್ನು ಕೆರೆಯ ಪಕ್ಕದ ಬಯಲಿಗೆ ತಿರುಗಿಸಿಯಾಗಿತ್ತು.

"ಇಲ್ಲಿ ಸುಡೋಕೆ ಹುಲ್ಲೇ ಇಲ್ಲ," ಎಂದಳಾಕೆ. "ಕುರಿಗಳು ನಮ್ಮ ದಳಕ್ಕಿಂತ ಚೆನ್ನಾಗಿ ಕೆಲಸ ಮಾಡಿವೆ."

ಏಳು ನಾಲಿಗೆಯ ಅಗ್ನಿದೇವ ಗುಡ್ಡವನ್ನೇರಿ ಬಂದ ಪರಿ ಭಯಂಕರವಾಗಿತ್ತು. ಅವನಿಗಿಂತ ಮುಂದಾಗಿ ವಾಲಬಿಗಳೆಂಬ ಕಿರುಕಾಂಗರೂಗಳೂ ಒಂದು ನರಿಯೂ ಓಡಿಬಂದು, ಹಗೆ ಮರೆತು, ಕೆರೆಯ ಕೆಸರಿನಲ್ಲಿ ಒಟ್ಟಿಗೆ ನಿಂತವು. ಮೂವರೂ ಪಂಪಿನ ಸುತ್ತ ಒದ್ದೆ ಕಂಬಳಿಗಳಡಿ ನೆಲಕ್ಕೊರಗಿದರು. ಆಲ್ವಿನ್ನನ ಕೈ ಮಾತ್ರ ಕಂಬಳಿಯ ಹೊರಗೆ ಇಂಜಿನ್ನಿನ ಮೇಲಿತ್ತು. ಪಂಪಿನ ಮೊದಲ ಕೆಮ್ಮಿಗೆ ಆ ಕೈಯೇ ಆಸರೆಯಾಯಿತು. ಎರಡನೆಯ ಕೆಮ್ಮಿನ ವೇಳೆಗೆ ಅದು ಬೆಂದು ಬೊಬ್ಬೆಯೆದ್ದಿತ್ತು; ನೆರಿಡಾ ಅದನ್ನು ಸರಿಸಿ ತನ್ನ ಕೈಯಿಟ್ಟಳು.

ಕಾಲು ಗಂಟೆಯಲ್ಲಿ ಜ್ವಾಲೆ ದಾಟಿಹೋಯಿತು. ಸಭಾಭವನ ಉಳಿಯಿತು, ಎಂಬತ್ತು ಮಂದಿಯೂ ಕ್ಷೇಮ ಎಂದು ರೇಡಿಯೋ ನುಡಿಯಿತು. ಆಲ್ವಿನ್ ಎದ್ದು ನಿಂತು ತನ್ನ ಮನೆಯಿದ್ದ ಕಡೆ ನೋಡಿದ. ಚಿಮಣಿಯೊಂದೇ ನಿಂತಿತ್ತು. ಕೆರೆಯ ನೀರಿನಲ್ಲಿ ಒಂದು ಹನಿಯನ್ನೂ ಅವನು ತನ್ನ ಮನೆ ಉಳಿಸಲು ಬಳಸಿರಲಿಲ್ಲ.

ಮೂರು ವಾರಗಳ ತರುವಾಯ, ಸುಟ್ಟು ಕರಿಕಾದ ಕಾಂಡಗಳ ಮೈಯೆಲ್ಲ ಕೆಂಪು ಚಿಗುರೊಡೆಯುತ್ತಿದ್ದಾಗ, ಊರು ಅದೇ ಭವನದಲ್ಲಿ ಸೇರಿತು. ನೆರಿಡಾ ಆಲ್ವಿನ್ನನಿಗೆ ರಿಯಾಯಿತಿ ತೋರಲಿಲ್ಲ. ಟವೆಲು ಕಟ್ಟಿ ಒಳಗುಳಿದದ್ದು ತಪ್ಪೆಂದು ಅವನಿಂದಲೇ ಎಲ್ಲರೆದುರು ಹೇಳಿಸಿದಳು. ಅವನು ಬ್ಯಾಂಡೇಜಿನ ಕೈ ಬೆನ್ನ ಹಿಂದಿಟ್ಟು, ತಡವರಿಸುತ್ತ ಹೇಳಿದ. ಬಳಿಕ ಆಕೆ, ಇನ್ನು ಮುಂದೆ ಆ ಪಂಪಿನ ಬಳಿ ಯಾರೂ ಒಂಟಿಯಾಗಿ ಕೂರುವಂತಿಲ್ಲ, ಇವನ ಜೊತೆಗೆ ಯಾರಿರುತ್ತೀರಿ ಎಂದು ಕೇಳಿದಳು.

ಕೈ ಎತ್ತದವರು ಆ ಭವನದಲ್ಲಿ ಒಬ್ಬರೂ ಇರಲಿಲ್ಲ.

ಆಲ್ವಿನ್ ಎತ್ತಿದ ಕೈಗಳನ್ನು ಒಂದೊಂದಾಗಿ ನೋಡಿದ. ಆಮೇಲೆ, "ಇಷ್ಟು ಜನ ಬಂದ್ರೆ ಟೀ ಎಲ್ಲಿ ಕಾಯಿಸ್ಲಿ? ನನ್ನ ಒಲೇನೂ ಹೋಯ್ತಲ್ಲ," ಎಂದ.

"ನಿಮ್ಮ ಮನೇನೇ ಕಟ್ಟಿಕೊಡೋರಿಗೆ ಒಲೆ ಹಾಕೋದು ಕಷ್ಟವಾ?" ಎಂದಳು ಗ್ಲೆನಿಸ್. "ಎಲ್ರೂ ಕೂತ್ಕೊಳ್ಳಿ, ಪಾಳಿಗೆ ಹೆಸರು ಬರ್ಕೋಬೇಕು."