ತಂಗಿ ಬರೆದ ಒಂಬತ್ತು ಹಾಡು

ನಮ್ಮ ಬ್ಯಾಂಡಿನಲ್ಲಿ ಇರುವುದು ನಾಲ್ಕೇ ಜನ. ಈ ನಾಲ್ವರನ್ನು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರಿಸಲು ಹನ್ನೊಂದು ವರ್ಷ ನಾನು ಪಟ್ಟ ಪಾಡನ್ನು ಬೇರೆ ಯಾವುದಕ್ಕಾದರೂ ಪಟ್ಟಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಮನುಷ್ಯನಾಗಿರುತ್ತಿದ್ದೆ ಎನ್ನುವುದು ಅಮ್ಮನ ಲೆಕ್ಕಾಚಾರ. ನಾನು ಲಿಫ್ಟ್ ರಿಪೇರಿಯವನು, ನುಡಿಸುವುದು ಬೇಸ್ ಗಿಟಾರ್. ಡ್ರಮ್ಸ್ ಬಾರಿಸುವವನು ಬಡಗಿ. ಅವನ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಪ್ಲೈವುಡ್ ಹಾಳೆಗಳ ನಡುವೆ, ಭಾನುವಾರ ಮಧ್ಯಾಹ್ನ ನಮ್ಮ ಅಭ್ಯಾಸ. ಲೀಡ್ ಗಿಟಾರಿನವನು ಆಸ್ಪತ್ರೆಯಲ್ಲಿ ನರ್ಸ್. ಹಾಡುವವನು ಬಣ್ಣದ ಅಂಗಡಿಯಲ್ಲಿ ಗಿರಾಕಿ ಕೇಳಿದ ಬಣ್ಣ ಬೆರೆಸಿಕೊಡುತ್ತಾನೆ. ಅವನ ಹೆಸರು ಎಲ್ಲರಿಗೂ ಮರೆತೇಹೋಗಿದೆ, ಕಂಠ ಎಂದೇ ಕರೆಯುತ್ತೇವೆ. ಅವನು ನನ್ನ ತಂಗಿಯ ಗಂಡ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಬ್ಯಾಂಡ್ ಕಟ್ಟಿದವರಿಗೆ ಆ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಗಿ ಗರಗಸಕ್ಕೆ ಬೆರಳ ತುದಿ ಕೊಟ್ಟಾಗ, ಡ್ರಮ್ಸ್ ಕಡ್ಡಿಗೆ ಸೈಕಲ್ ಟ್ಯೂಬ್ ಸುತ್ತಿ ಹಿಡಿಯುವುದನ್ನು ಅವನಿಗೆ ಅಭ್ಯಾಸ ಮಾಡಿಸಿದೆ. ನರ್ಸಿನ ಹೆಂಡತಿ ಮುನಿಸಿಕೊಂಡಾಗ ಅವಳ ಬಟ್ಟೆ ಒಗೆಯುವ ಮೆಷಿನ್ನನ್ನು ಎರಡು ಸಲ ಬಿಚ್ಚಿ ಸರಿಮಾಡಿ ಕೊಟ್ಟೆ. ಯಾರು ಬಿಡುತ್ತೇನೆಂದರೂ ಬಿಡಗೊಡಲಿಲ್ಲ. ಅದು ನನ್ನ ದೊಡ್ಡ ಹೆಮ್ಮೆಯಾಗಿತ್ತು.

ಎರಡು ತಿಂಗಳ ಹಿಂದೆ ಕಂಠ ಮನೆ ಬಿಟ್ಟು ಬಣ್ಣದ ಅಂಗಡಿಯ ಮೇಲಿನ ಕೋಣೆಗೆ ಹೋದ. ಜಗಳವಿಲ್ಲ, ಕೂಗಾಟವಿಲ್ಲ. ಎರಡು ಚೀಲ ತುಂಬಿಕೊಂಡು, ಇನ್ನು ತನ್ನ ಕೈಲಾಗುವುದಿಲ್ಲ ಎಂದು ಹೇಳಿ ಹೋದನಂತೆ. ಆ ವಾರವೂ ಅಭ್ಯಾಸಕ್ಕೆ ಮಾತ್ರ ಸರಿಯಾದ ಹೊತ್ತಿಗೆ ಬಂದ. ನಿಜ ಹೇಳುತ್ತೇನೆ, ಅವನನ್ನು ಬಾಗಿಲಲ್ಲಿ ಕಂಡಾಗ ನನಗೆ ಆದದ್ದು ಸಮಾಧಾನ. ನಗರಸಭೆಯ ರಂಗಮಂದಿರದಲ್ಲಿ ನಮಗೆ ಒಂದು ಸಂಜೆ ಸಿಕ್ಕಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ, ನಿಜವಾದ ವೇದಿಕೆ, ನಿಜವಾದ ದೀಪಗಳು.

ಆಗ ತಂಗಿ ಫೋನ್ ಮಾಡಿ ಒಂದೇ ಮಾತು ಹೇಳಿದಳು. ತಾನು ಬರೆದ ಹಾಡುಗಳನ್ನು ಇನ್ನು ಮೇಲೆ ಯಾರೂ ಹಾಡಬಾರದು.

ನಮ್ಮ ಒಂಬತ್ತು ಹಾಡೂ ಅವಳವೇ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜುಗಳನ್ನು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾಳೆ. ಗಾಜು ಬರುವ ಪುಟ್ಟ ಕಾಗದದ ಲಕೋಟೆಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಿದ್ದಳು. ಒಂದು ಲಕೋಟೆಗೆ ನಾಲ್ಕು ಸಾಲು. ನಾವು ಅದಕ್ಕೆ ರಾಗ ಹುಡುಕುತ್ತಿದ್ದೆವು. ಆ ಸಾಲುಗಳನ್ನು ತೆಗೆದರೆ ನಮ್ಮ ಬ್ಯಾಂಡಿನಲ್ಲಿ ಉಳಿಯುವುದು ಸದ್ದು ಮಾತ್ರ.

ವಿಷಯ ತಿಳಿದು ಬಡಗಿ ತಲೆ ಕೆರೆದುಕೊಂಡ. ಬೇರೆಯವರ ಹಾಡು ನುಡಿಸೋಣ ಎಂದ ನರ್ಸ್. ಕಂಠ ಮೈಕಿನ ತಂತಿ ಸುತ್ತುತ್ತಾ ಕೂತಿದ್ದ. ಅವಳು ನನ್ನ ತಂಗಿ, ನಾನು ಒಪ್ಪಿಸುತ್ತೇನೆ, ಕಾರ್ಯಕ್ರಮಕ್ಕೆ ಇನ್ನೂ ಮೂರು ವಾರವಿದೆ ಎಂದೆ. ಬಿಡಗೊಡುವ ಜಾಯಮಾನವೇ ಅಲ್ಲವಲ್ಲ ನನ್ನದು.

ಹತ್ತು ದಿನದಲ್ಲಿ ಮೂರು ಸಲ ಹೋದೆ. ಮೊದಲ ಸಲ ಪುಸಲಾಯಿಸಿದೆ. ಎರಡನೇ ಸಲ ವಾದ ಮಾಡಿದೆ, ಬರೆದುಕೊಟ್ಟ ಮೇಲೆ ಹಾಡು ಹಾಡಿದವರದು ಎಂದೆ. ಮೂರನೇ ಸಲ, ಇದೊಂದು ಸಂಜೆ ಮುಗಿಯಲಿ, ಆಮೇಲೆ ನೀನು ಹೇಳಿದ ಹಾಗೆ ಎಂದು ಗೋಗರೆದೆ. ಅವಳು ಅಂಗಡಿಯಿಂದ ಆಗಷ್ಟೇ ಬಂದಿದ್ದಳು, ಉಗುರುಗಳ ಸಂದಿಯಲ್ಲಿ ಗಾಜಿನ ಬಿಳಿ ಪುಡಿ ಇತ್ತು. ಕೈ ತೊಳೆದು ಬಂದು ನನ್ನೆದುರು ಕೂತಳು.

"ಅಣ್ಣ, ಅವರು ಹೋದ ಮೇಲೆ ನೀನು ಇಲ್ಲಿಗೆ ಬಂದಿದ್ದು ಇದು ಮೂರನೇ ಸಲ. ಮೂರು ಸಲಾನೂ ಹಾಡಿಗೇ ಬಂದೆ. ಊಟ ಮಾಡಿದ್ಯಾ ಅಂತ ಒಂದು ಸಲನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಈಗ ಕೇಳಿದರೆ ಅದೂ ಹಾಡಿಗಾಗಿಯೇ ಆಗುತ್ತಿತ್ತು.

"ಇನ್ನೊಂದು ಕೇಳ್ತೀನಿ," ಎಂದಳು. "ಅವರು ನನ್ನ ಮೇಲೆ ಪ್ರಾಣ ಇಟ್ಕೊಂಡಿದ್ದಾರೆ ಅಂತ ನನಗೆ ಯಾಕೆ ಹೇಳಿದೆ?"

ಇಲ್ಲಿ ಹತ್ತು ವರ್ಷದ ಹಿಂದಿನದನ್ನು ಹೇಳಲೇಬೇಕು. ಬ್ಯಾಂಡ್ ಕಟ್ಟಿ ಒಂದು ವರ್ಷವಾಗಿತ್ತು. ಕಂಠನಿಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಹೊರಟು ನಿಂತಿದ್ದ. ಅವನಂಥ ದನಿ ನಮಗೆ ಇನ್ನೊಂದು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ತಂಗಿಯ ಸಾಲುಗಳು ತನಗಿಷ್ಟ ಎಂದು ಒಮ್ಮೆ ಅಂದಿದ್ದ, ಅವಳ ಬಗ್ಗೆ ಏನೂ ಅಂದಿರಲಿಲ್ಲ. ನಾನು ಅವನ ಹತ್ತಿರ, ನನ್ನ ತಂಗಿ ನಿನ್ನನ್ನಲ್ಲದೆ ಬೇರೆಯವರನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದೆ. ಅವಳ ಹತ್ತಿರ ಬಂದು ಅದನ್ನೇ ತಿರುಗಿಸಿ ಹೇಳಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಾನು ಹೇಳಿದ್ದು ಎರಡೇ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಮೂರು ತಿಂಗಳಲ್ಲಿ ಮದುವೆಯಾಯಿತು. ಕಂಠ ಊರಲ್ಲೇ ಉಳಿದ, ಬ್ಯಾಂಡೂ ಉಳಿಯಿತು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದೆ.

"ಮದುವೆಯಾದ ವರ್ಷಾನೇ. ಒಂದು ದಿನ ಇಬ್ಬರೂ ಕೂತು ನೀನು ಹೇಳಿದ್ದನ್ನ ತಾಳೆ ಹಾಕಿದ್ವಿ. ಆವತ್ತು ತುಂಬಾ ನಕ್ಕಿದ್ವಿ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಬೇಜಾರಾಗುತ್ತೆ ಅಂತ. ಬೇರಾದ್ರೆ ನಿನ್ನ ಬ್ಯಾಂಡ್ ನಿಂತೋಗುತ್ತೆ ಅಂತ ಜೊತೆಗೇ ಇದ್ವಿ. ಅವರು ಹಾಡಿದ್ರು, ನಾನು ಬರೆದೆ. ಒಳ್ಳೆಯವರೇ ಅಣ್ಣ ಅವರು. ಇಬ್ಬರಿಗೂ ಸಾಕಾಯ್ತು ಅಷ್ಟೇ."

ಹನ್ನೊಂದು ವರ್ಷ ಬ್ಯಾಂಡನ್ನು ಹೊತ್ತವನು ನಾನು ಎಂದುಕೊಂಡಿದ್ದೆ. ತನ್ನ ಬೆನ್ನು ತನಗೆ ಕಾಣದು. ನನಗೆ ಅಳು ಬಂತು, ಅವಳೆದುರು ಅಳುವುದಕ್ಕೂ ನನಗೆ ಹಕ್ಕಿಲ್ಲವೆನಿಸಿ ಎದ್ದು ಬಂದೆ. ಮರುದಿನ ಒಂದು ಹಳೆಯ ಕಟ್ಟಡದ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನಿಂತು ತಂತಿಹಗ್ಗಕ್ಕೆ ಎಣ್ಣೆ ಹಚ್ಚುತ್ತಿರುವಾಗಲೂ ಅವರಿಬ್ಬರೂ ನಕ್ಕಿದ್ದು ಹೇಗಿದ್ದಿರಬಹುದು ಎಂದೇ ಯೋಚಿಸುತ್ತಿದ್ದೆ.

ಭಾನುವಾರ ಬಡಗಿಯ ಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ರಂಗಮಂದಿರದವರಿಗೆ ನಾವು ಬರುವುದಿಲ್ಲವೆಂದು ತಿಳಿಸಿದ್ದೇನೆ, ಆ ಒಂಬತ್ತು ಹಾಡು ಇನ್ನಿಲ್ಲ ಎಂದೆ. ಬಡಗಿ ಒಂದು ಕೆಟ್ಟ ಮಾತು ಅಂದ. ನರ್ಸ್ ಗಿಟಾರನ್ನು ಪೆಟ್ಟಿಗೆಗೆ ಇಟ್ಟು, ಮತ್ತೆ ತೆಗೆದ. ನಾನು ಕಂಠನನ್ನು ಹೊರಗೆ ಕರೆದು ಕ್ಷಮೆ ಕೇಳಿದೆ.

"ನನ್ನ ಹತ್ತಿರ ಬೇಡ ಭಾವ," ಎಂದ. "ಆವತ್ತು ನಾನು ಮದುವೆ ಬೇಡ ಅಂದಿದ್ರೆ ಮುಗಿದುಹೋಗ್ತಿತ್ತು. ನನಗೂ ಹಾಡಬೇಕಿತ್ತು."

ಅಂದು ಸಾಲುಗಳಿಲ್ಲದೆ ರಾಗಗಳನ್ನಷ್ಟೇ ನುಡಿಸಿದೆವು. ಕಂಠ ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ಒಂದೂವರೆ ಹಾಡಾದ ಮೇಲೆ ಬಡಗಿಯೇ ಕಡ್ಡಿ ಕೆಳಗಿಟ್ಟ. ಹೊಸ ಹಾಡು ಬೇಕಾದರೆ ನಾವೇ ಬರೆಯಬೇಕು, ಕೆಟ್ಟದಾಗಿದ್ದರೂ ಪರವಾಗಿಲ್ಲ ಎಂದ ನರ್ಸ್. ಮುಂದಿನ ವಾರ ಅವರು ಶುರುಮಾಡಲಿ, ನಾನು ಬರುವುದಿಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ನಾನು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಮುಂದಿನ ಭಾನುವಾರ ಅಭ್ಯಾಸದ ಹೊತ್ತಿಗೆ ತಂಗಿಯ ಮನೆಗೆ ಹೋದೆ. ಅವಳು ಬಾಗಿಲು ತೆಗೆದು ಗಡಿಯಾರ ನೋಡಿದಳು. ಊಟವಾಯಿತೇ ಎಂದು ಕೇಳಿದೆ. ಆಯಿತು ಎಂದಳು. ನಲ್ಲಿ ಸೋರುತ್ತಿತ್ತು, ವಾಷರ್ ಬದಲಿಸಿದೆ. ಅಮ್ಮನ ಮಂಡಿನೋವು, ಅವಳ ಅಂಗಡಿಯ ಹೊಸ ಯಂತ್ರ, ಪಕ್ಕದ ಮನೆಯ ನಾಯಿ, ಎಲ್ಲ ಮಾತಾಡಿದೆವು. ಹಾಡಿನ ಮಾತನ್ನಾಗಲಿ, ರಂಗಮಂದಿರಕ್ಕೆ ಬರುವುದಿಲ್ಲವೆಂದು ತಿಳಿಸಿದ್ದನ್ನಾಗಲಿ ನಾನು ಎತ್ತಲಿಲ್ಲ. ಪ್ರತಿ ಮಾತು ಮುಗಿದಾಗಲೂ ಅವಳು ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಿದ್ದಳು. ಸಂಜೆ ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿಗೆ ಒರಗಿ ನಿಂತು, ಮೆಲ್ಲಗೆ, ದಣಿದ ದನಿಯಲ್ಲಿ ಅಂದಳು:

"ಈಗಲಾದ್ರೂ ಹೇಳು ಅಣ್ಣ. ಯಾವ ಹಾಡು ಬೇಕಾಗಿತ್ತು?"