ಹುಣಸೆಹುಳಿ ತಿಕ್ಕಿದ ಗಾಜು

ಆಯುಧಪೂಜೆಯ ಹಿಂದಿನ ದಿನ ಸಾವಂತ್ರಮ್ಮನ ಕೈಯಿಂದ ಯಾವ ಹಿತ್ತಾಳೆ ಸಾಮಾನೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ದೀಪದ ಕಂಬ, ಹಂಡೆ, ಚೊಂಬು, ಕಡೆಗೆ ಬಾಗಿಲ ಚಿಲಕ ಕೂಡ ಹುಣಸೆಹುಳಿ, ಒಲೆಬೂದಿಯಲ್ಲಿ ಉಜ್ಜಿಸಿಕೊಳ್ಳಲೇಬೇಕು. ಚನ್ನಗಿರಿಯ ಆ ಓಣಿಯಲ್ಲಿ ಅವಳಷ್ಟು ಚೆನ್ನಾಗಿ ಪಾತ್ರೆ ಬೆಳಗುವವರಿಲ್ಲ ಎಂದು ಅತ್ತೆ ಬೊಮ್ಮಕ್ಕನೇ ಒಪ್ಪಿದ್ದಳು. ಬೊಮ್ಮಕ್ಕ ಸೊಸೆಯ ವಿಷಯದಲ್ಲಿ ಏನನ್ನಾದರೂ ಒಪ್ಪುವುದೆಂದರೆ ಸಣ್ಣ ಮಾತೇನಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಅವಳ ಗಂಡ ಮಲ್ಲೇಶಪ್ಪ ಫೋಟೋ ತೆಗೆಯುವವನು. ತೇಗದ ಪೆಟ್ಟಿಗೆಯಂಥ ಕ್ಯಾಮರಾ, ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ ಹೊತ್ತುಕೊಂಡು ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಕರೆದಲ್ಲಿಗೆ ಹೋಗುತ್ತಿದ್ದ. ಆಗಿನ ಫೋಟೋ ಅಂದರೆ ಸುಮ್ಮನೆಯೇ? ಕುರ್ಚಿ ಒಬ್ಬರ ಮನೆಯಿಂದ, ಕೋಟು ಇನ್ನೊಬ್ಬರ ಮನೆಯಿಂದ ತಂದು, ಉಸಿರು ಬಿಗಿಹಿಡಿದು ಕೂರಬೇಕಿತ್ತು. ನಕ್ಕವರನ್ನು ಮಲ್ಲೇಶಪ್ಪ ಗದರುತ್ತಿದ್ದ.

ಊರಿಗೆ ಬಂದ ಮೇಲೆ, ಚಿತ್ರ ಹಿಡಿದ ಗಾಜಿನ ಪ್ಲೇಟು ತೊಳೆಯುವ ಕೆಲಸ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಿಡಿದು ನಿಲ್ಲುವವಳು ಸಾವಂತ್ರಮ್ಮ. ಔಷಧದ ನೀರಿನಡಿ ಯಾರದೋ ಮೀಸೆ, ಯಾರದೋ ಮೂಗುತಿ ಮೆಲ್ಲಗೆ ಮೂಡುವಾಗ ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡುವರು. ಹೊರಗೆ ಬೊಮ್ಮಕ್ಕ, ಮಕ್ಕಳುಮರಿ, ಬಂದುಹೋಗುವವರು. ಗಂಡಹೆಂಡಿರಿಗೆ ಅಂತ ಇದ್ದದ್ದು ಆ ಕೋಣೆಯೊಂದೇ. ಅದು ಅವಳಿಗೆ ತವರಿಗಿಂತ ಹೆಚ್ಚಾಗಿತ್ತು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಮಲ್ಲೇಶಪ್ಪ ತೊಳೆದ ಫೋಟೋ ಕೊಟ್ಟು ಬರಲು ನ್ಯಾಮತಿಗೆ ಹೋಗಿದ್ದ. ಕ್ಯಾಮರಾದಿಂದ ಬಿಚ್ಚಿದ ಲೆನ್ಸು ಬಟ್ಟೆ ಸುತ್ತಿಕೊಂಡು ಗೂಡಿನಲ್ಲಿ ಕೂತಿತ್ತು. ವಿಲಾಯತಿ ಮಾಲು, ಅವನ ಗುರು ಕೊಟ್ಟದ್ದು. ಸಾವಂತ್ರಮ್ಮ ಬಿಚ್ಚಿ ನೋಡಿದಳು. ಗಾಜಿನ ಸುತ್ತಲಿನ ಹಿತ್ತಾಳೆ ಕಪ್ಪಿಟ್ಟಿತ್ತು. ಅನ್ನ ಕೊಡುವ ಸಾಮಾನು ನಾಳೆ ಪೂಜೆಗೆ ಹೀಗೆ ಕೂರಬೇಕೇ ಎಂದು ಅವಳಿಗೆ ತಡೆಯಲಾಗಲಿಲ್ಲ. ತೆಂಗಿನ ನಾರು ಹಿಡಿದು ಕೂತೇಬಿಟ್ಟಳು. ಹಿತ್ತಾಳೆ ತಿಕ್ಕಿದಳು, ಫಳಫಳ ಅಂದಿತು. ಗಾಜನ್ನೂ ತಿಕ್ಕಿದಳು. ಯಾಕೆ ತಿಕ್ಕಬಾರದು? ಕಂದೀಲಿನ ಗಾಜಿಗೆ ದಿನಾ ಬೂದಿ ಹಚ್ಚಿಯೇ ಒರೆಸುತ್ತಿದ್ದಳು, ಅದೇನು ಕೆಟ್ಟಿತ್ತೇ?

ಸಂಜೆ ಮಲ್ಲೇಶಪ್ಪ ಲೆನ್ಸನ್ನು ಬೆಳಕಿಗೆ ಹಿಡಿದ. ಗಾಜಿನ ತುಂಬ ಮಂಜು ಕವಿದ ಹಾಗೆ ಸಣ್ಣ ಸಣ್ಣ ಗೀರು. ಬೂದಿಯಲ್ಲಿದ್ದ ಯಾವುದೋ ಮರಳಿನ ಹರಳು ನಡುವೆ ಆಳವಾದ ಗೀಟೊಂದನ್ನು ಎಳೆದಿತ್ತು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡುವ ಗಂಡಸನ್ನು ಸಂಭಾಳಿಸುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಅವನು ಲೆನ್ಸನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ.

“ಇನ್ಮೇಲೆ ನನ್ನ ಸಾಮಾನು ಮುಟ್ಟಬ್ಯಾಡ,” ಎಂದ, ಅಷ್ಟೇ.

ಮರುದಿನ ಕ್ಯಾಮರಾಕ್ಕೆ ಅವನೇ ವಿಭೂತಿ ಹಚ್ಚಿದ, ಅವನೇ ಹೂವಿಟ್ಟ. ಆಮೇಲೆ ಪರೀಕ್ಷೆಗೆಂದು ಒಂದು ಪ್ಲೇಟು ತೆಗೆದು ತೊಳೆದ. ದೀಪ ತಾನೇ ಹಿಡಿದುಕೊಂಡ. ಎದುರು ಮನೆ ಹೊಗೆಯೊಳಗಿಂದ ನೋಡಿದ ಹಾಗೆ ಬಂದಿತ್ತು. ಹೊಸ ಲೆನ್ಸು ತರಿಸೋಣವೆಂದರೆ ಯುದ್ಧ ಮುಗಿಯುವ ತನಕ ಹಡಗೇ ಇಲ್ಲ. ಜಗಳೂರಿನ ಜಯದೇವಪ್ಪನವರ ಮಗಳ ಮದುವೆಗೆ ಬರುತ್ತೇನೆಂದು ಬೇರೆ ಮಾತು ಕೊಟ್ಟಿದ್ದ.

“ಅಡಿಕೆ ಮಂಡೀಲಿ ಲೆಕ್ಕ ಬರೆಯಾಕೆ ಕರೀತಾ ಅದಾರೆ. ಹೋಗ್ತೀನವ್ವಾ,” ಎಂದು ಬೊಮ್ಮಕ್ಕನ ಮುಂದೆ ಹೇಳಿದ. ಸಾವಂತ್ರಮ್ಮ ಕೈಲಿದ್ದ ಕೆಲಸ ಬಿಟ್ಟು ಹೊರಗೆ ಬಂದಳು. ಅವನು ಮಂಡಿಗೆ ಹೋದರೆ ಆ ಕೋಣೆಗೆ ಬೀಗವೇ ಸರಿ.

“ನಮ್ಮೂರು ಹೊನ್ನಾಳೀಲಿ ಬುಡನ್‌ಸಾಬಜ್ಜ ಅದಾರೆ ರೀ,” ಎಂದಳು. “ನಮ್ಮಪ್ಪನ ಕನ್ನಡಕದ ಗಾಜು ಅವರೇ ಉಜ್ಜಿ ಕೊಡ್ತಿದ್ದರು. ಒಂದ್ಸಲ ತೋರಿಸ್ರಿ.”

“ಕನ್ನಡಕ ಬ್ಯಾರೆ, ಇದು ಬ್ಯಾರೆ.”

“ಕೆಟ್ಟಿದ್ದು ಇನ್ನೆಷ್ಟು ಕೆಡತೈತೆ?”

ಅವನು ಲೆನ್ಸನ್ನು ಗೂಡಿನಿಂದ ತೆಗೆದುಕೊಂಡ. ಇಬ್ಬರೂ ಪೆಟ್ರೋಲ್ ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸು ಹತ್ತಿದರು. ಏರು ಬಂದಲ್ಲೆಲ್ಲ ಇಳಿದು ತಳ್ಳಿದರು. ದಾರಿಯುದ್ದಕ್ಕೂ ಲೆನ್ಸು ಅವನ ಮಡಿಲಲ್ಲೇ ಇತ್ತು.

ಹೊನ್ನಾಳಿಯ ಹೊಳೆ ದಾರಿಯಲ್ಲಿ ಬುಡನ್‌ಸಾಬನ ಅಂಗಡಿ. ಮುದುಕ ಗಾಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ನೀನೇನಾ ತಿಕ್ಕಿದ್ದು?”

“ಹೂಂ ಅಜ್ಜಾ.”

“ಕೈ ಗಟ್ಟಿ ಐತೆ ಬಿಡು. ನಾನು ವಾರಗಟ್ಟಲೆ ಕೂತರೂ ಇಷ್ಟು ಗೀರು ಬರಾದಿಲ್ಲ.”

ಅವನು ರಾಳ ಕಾಯಿಸಿ, ಒದ್ದೆ ಮಾಡಿದ ಗಾಜಿನ ಮೇಲೆ ಸುರಿದು, ಅದರ ಉಬ್ಬಿಗೆ ಸರಿಯಾದ ಅಚ್ಚು ಮಾಡಿಕೊಂಡ. ಅಕ್ಕಸಾಲಿಗರು ಚಿನ್ನಕ್ಕೆ ಮೆರುಗು ಕೊಡುವ ಕೆಂಪು ಪುಡಿಯನ್ನು ನೀರಲ್ಲಿ ಕಲಸಿ ಅಚ್ಚಿಗೆ ಹಚ್ಚಿ, ಗಾಜನ್ನು ಅದರ ಮೇಲೆ ಸುತ್ತಿಸತೊಡಗಿದ. ಗಂಡಹೆಂಡತಿ ಅವಳ ತವರಿನಲ್ಲಿ ಉಳಿದು ದಿನಾ ಬಂದು ಕೂತರು. ಅವಸರ ಮಾಡಿದವರಿಗೆ ಮುದುಕ ಚಹಾ ಕುಡಿಸಿ ಬಾಯಿ ಮುಚ್ಚಿಸುತ್ತಿದ್ದ. ಕಡೆಗೊಂದು ದಿನ ಮಂಜು ಹೋಯಿತು. ನಡುವಿನ ಗೀಟು ಮಾತ್ರ ಹಾಗೇ ಉಳಿಯಿತು.

“ಇದನ್ನ ತೆಗೆಯಾಕೆ ಹೋದರೆ ಗಾಜೇ ಸವೆದು ಆಕಾರ ಕೆಡತೈತೆ,” ಎಂದ ಬುಡನ್‌ಸಾಬ್. “ಕಪ್ಪು ತುಂಬಿದರೆ ಬೆಳಕು ಅಲ್ಲಿ ಚದುರಾದಿಲ್ಲ. ಫೋಟೋದಾಗೆ ಗೀಟು ಕಾಣಾದೂ ಇಲ್ಲ. ಆದರೆ ನನ್ನ ಮಸಿ ನೀರು ನೀರು, ಹರಡಿಬಿಡತೈತೆ.”

ಸಾವಂತ್ರಮ್ಮ ಎದ್ದು ತವರಿಗೆ ಹೋದಳು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಹೊಸ ಕಾಡಿಗೆ ಹಿಡಿದು ತಂದಳು. ಮುದುಕ ಅದಕ್ಕೆ ಜಾಲಿಯ ಅಂಟು ಬೆರೆಸಿದ. ಸೂಜಿ ಎತ್ತಿಕೊಂಡ. ಅವನ ಬೆರಳು ನಡುಗುತ್ತಿತ್ತು. ಸೂಜಿಯನ್ನು ಅವಳ ಕಡೆ ಚಾಚಿದ.

“ಇದಕ್ಕೆ ಎಳೇ ಕೈ ಬೇಕವ್ವಾ. ನೀನೇ ತುಂಬು.”

ಅವಳ ಕೈ ಮುಂದೆ ಬರಲಿಲ್ಲ. “ಅವರು ಮುಟ್ಟಬ್ಯಾಡ ಅಂದಾರೆ ಅಜ್ಜಾ.”

ಬುಡನ್‌ಸಾಬ್ ಕನ್ನಡಕದ ಮೇಲಿಂದ ಮಲ್ಲೇಶಪ್ಪನನ್ನು ನೋಡಿದ. ಮಲ್ಲೇಶಪ್ಪ ಹೊಸ್ತಿಲು ನೋಡುತ್ತಿದ್ದ.

“ತುಂಬಲಿ ಬಿಡ್ರಿ,” ಎಂದ. “ಇನ್ನೇನು ಕೆಡಾದೈತೆ.”

ಅವಳದೇ ಮಾತನ್ನು ಅವಳಿಗೇ ತಿರುಗಿಸಿ ಕೊಟ್ಟಿದ್ದ. ಸಾವಂತ್ರಮ್ಮ ತುಟಿ ಕಚ್ಚಿ, ಕಣ್ಣೀರು ಗಾಜಿನ ಮೇಲೆ ಬೀಳದಂತೆ ಮುಖ ಓರೆ ಮಾಡಿಕೊಂಡು, ಕೂಸಿನ ಕಣ್ಣಿಗೆ ಕಾಡಿಗೆ ತೀಡುವ ಹಾಗೆ ಆ ಗೀಟನ್ನು ತುಂಬಿದಳು.

ಜಗಳೂರಿನ ಮದುವೆಯ ಫೋಟೋಗಳು ಚೆನ್ನಾಗಿ ಬಂದವು. ಮದುಮಗಳ ಸೀರೆಯ ಅಂಚು ಕೂಡ ಎಣಿಸುವ ಹಾಗೆ ಕಾಣುತ್ತಿತ್ತು. ಮಂಡಿಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಆದರೆ ಪ್ಲೇಟು ತೊಳೆಯುವಾಗ ಮಲ್ಲೇಶಪ್ಪ ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಸಿಟ್ಟು ಯಾವತ್ತೋ ಇಳಿದಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಬಡ್ಡಿಮಗನಿಗೆ. ಅವಳೂ ಕೇಳಲಿಲ್ಲ. ಬಾಗಿಲ ಸಂದಿಯ ಕೆಂಪು ಬೆಳಕು ನೋಡಿ, ಈಗ ಯಾರ ಮುಖ ಮೂಡುತ್ತಿರಬಹುದು ಎಂದುಕೊಂಡು ರೊಟ್ಟಿ ತಟ್ಟುತ್ತಿದ್ದಳು.

ಮತ್ತೆ ದಸರೆ ಬಂತು. ಸಾವಂತ್ರಮ್ಮ ಹಿತ್ತಲ ಕಲ್ಲಿನ ಹತ್ತಿರ ಹಂಡೆ, ಚೊಂಬು, ಚಿಲಕ ಎಲ್ಲ ಬೆಳಗಿದಳು. ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ಕೈ ತೊಳೆಯಲು ನೀರು ಮೊಗೆದುಕೊಂಡಾಗ ಮಲ್ಲೇಶಪ್ಪ ಬಂದು ಕಲ್ಲಿನ ಆಚೆ ಕುಕ್ಕುರುಗಾಲಲ್ಲಿ ಕೂತ. ಲೆನ್ಸಿನ ಎರಡು ತುದಿಗೂ ಎರಡು ಅಂಗೈ ಒತ್ತಿ ಹಿಡಿದಿದ್ದ. ನಡುವೆ ಹಿತ್ತಾಳೆ ಮಾತ್ರ ಕಾಣುತ್ತಿತ್ತು.

“ಕಪ್ಪಾಗೈತೆ. ತಿಕ್ಕು,” ಎಂದ. “ಗಾಜು ನಾನು ಹಿಡ್ಕಂಡಿರ್ತೀನಿ.”

ಅವಳು ಹುಣಸೆಹುಳಿಯನ್ನು ಬಟ್ಟೆಗೆ ಹಚ್ಚಿ ಮೆಲ್ಲಗೆ ತಿಕ್ಕಿದಳು. ಪ್ಲೇಟಿನ ಔಷಧಕ್ಕೆ ಅವನ ಬೆರಳುಗಳು ಬಿರುಕು ಬಿಟ್ಟಿದ್ದವು. ಹುಳಿ ಅದರೊಳಗೆ ಇಳಿಯಿತು. ಅವನು ಕೈ ಕದಲಿಸಲಿಲ್ಲ.

“ಉರೀತೈತಾ?”

“ನೀನು ತಿಕ್ಕು.”

ಆಮೇಲೆ ಅವನು ಹಂಡೆಯ ಕಡೆ ನೋಡುತ್ತ ಹೇಳಿದ: “ಸಂಜಿಗೆ ಪ್ಲೇಟು ತೊಳೀಬೇಕು. ದೀಪ ಹಿಡಿಯಾಕೆ ಯಾರೂ ಇಲ್ಲ.”

ಹಿತ್ತಾಳೆ ಆಗಲೇ ಹೊಳೆಯುತ್ತಿತ್ತು. ಅವಳು ಇನ್ನೊಂದು ಚೂರು ಹುಣಸೆಹುಳಿ ತೆಗೆದುಕೊಂಡು ಅದನ್ನೇ ಮತ್ತೆ ಮೊದಲಿಂದ ತಿಕ್ಕತೊಡಗಿದಳು.